ನಾಲ್ಕು ಚುಕ್ಕೆಯ ಮುಚ್ಚಳ

ಇಪ್ಪತ್ತೆರಡು ವರ್ಷದ ಹಿಂದೆ ನಾನು ಅಪ್ಪನಿಗೆ ಒಂದು ಮಾತು ಕೊಟ್ಟೆ. ಅವನ ಗಾಡಿಗೆ ಹೊರಗಿನ ಒಂದು ಭಾಗವನ್ನೂ ಹಾಕುವುದಿಲ್ಲ, ಹಾಕಿದರೆ ಗಾಡಿ ಅಣ್ಣನದು. ಅಣ್ಣ ಎದುರಿಗೇ ಕೈಕಟ್ಟಿ ನಿಂತಿದ್ದ. ಟಯರು, ಬೆಲ್ಟು, ಬಲ್ಬಿನಂಥ ಸವೆಯುವ ಸಾಮಾನು ಇದರಲ್ಲಿ ಬರುವುದಿಲ್ಲ ಎಂದು ಅಪ್ಪನೇ ಹೇಳಿದ. ಉಳಿದದ್ದು, ಒಂದು ಬೋಲ್ಟೇ ಆಗಲಿ, ಅದರದ್ದೇ ಆಗಿರಬೇಕು.

ಅಪ್ಪ ಮೆಕ್ಯಾನಿಕ್. ದುಂಡು ಮೂತಿಯ, ಪಾಚಿ ಬಣ್ಣದ ಆ ಹಳೇ ಕಾರನ್ನು ಪೂರ್ತಿ ಬಿಚ್ಚಿ ಹೊಸದರಂತೆ ಮಾಡಲು ಹೊರಟಿದ್ದ. ಬಿಚ್ಚುವುದು ಮುಗಿಯಿತು, ಅಷ್ಟರಲ್ಲಿ ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಯಿತು. ಶೆಡ್ಡಿನಲ್ಲಿ ಅವನ ಜೊತೆ ಕೆಲಸ ಕಲಿತವಳು ನಾನು, ಬಾಡಿ ನನಗೆ ಬಂತು. ಅಣ್ಣ ಆಗತಾನೇ ಹಳೇ ಬಿಡಿಭಾಗಗಳ ಅಂಗಡಿ ಇಟ್ಟಿದ್ದ, ಎಂಜಿನ್ ಮೂರು ಮರದ ಪೆಟ್ಟಿಗೆಯಲ್ಲಿ ಅವನ ಗೋದಾಮಿಗೆ ಹೋಯಿತು. "ಇಬ್ರೂ ಸೇರದೆ ಇದು ಓಡಬಾರ್ದು," ಅಂದ ಅಪ್ಪ. ನಮ್ಮಿಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ ಎಂದು ಅವನ ಲೆಕ್ಕ. ಕಟ್ಟಿದ್ದೇನೋ ನಿಜ, ಕುತ್ತಿಗೆಗೆ ಕಟ್ಟಿದ್ದ.

ಅಪ್ಪ ಹೋದ ಮೇಲೆ ನಾನೂ ಅಣ್ಣನೂ ಎಣ್ಣೆ ಸೀಗೇಕಾಯಿ. ಅವನು ವರ್ಷಕ್ಕೊಮ್ಮೆ ಶೆಡ್ಡಿಗೆ ಬರುತ್ತಿದ್ದ, ತನಿಖೆಗೆ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಅಯಸ್ಕಾಂತ. ಬಾಡಿಯ ಸುತ್ತ ಕೂತು ಎದ್ದು, ಕೂತು ಎದ್ದು, ತಗಡು ಎಲ್ಲಿ, ಪುಟ್ಟಿ ಎಲ್ಲಿ ಎಂದು ತಟ್ಟಿ ನೋಡುತ್ತಿದ್ದ. ಒಂದು ವರ್ಷ ಚಕ್ರದ ತಟ್ಟೆ ಹಿಡಿಯುವ ಕ್ಲಿಪ್ಪು ಬೇರೆಯದ್ದು ಎಂದು ಹಿಡಿದ.

"ಇದು ಇದರದ್ದಲ್ಲ."

"ಕ್ಲಿಪ್ಪು ಕಣೋ. ಹೇರ್‌ಪಿನ್ನಷ್ಟೂ ಇಲ್ಲ."

"ಹೇರ್‌ಪಿನ್ನೇ ಹಾಕಿದ್ರೂ ಗಾಡಿ ನಂದೇ. ಕೀಳ್ತೀಯೋ, ಕೀ ಕೊಡ್ತೀಯೋ?"

ಕಿತ್ತೆ. ಮೂರು ವರ್ಷ ಆ ಚಕ್ರ ಬೋಳಾಗಿಯೇ ಇತ್ತು. ಕೊನೆಗೆ ಮೂಲದ ಕ್ಲಿಪ್ಪು ಸಿಕ್ಕಿದ್ದು ಅಪ್ಪನ ಹಳೇ ಕೋಟಿನ ಜೇಬಿನಲ್ಲಿ.

ಎಡಗಡೆಯ ಬಾಗಿಲಿನ ಬುಡ ತುಕ್ಕು ತಿಂದು ಜಾಲರಿಯಾಗಿತ್ತು. ಹೊರಗಿನ ತಗಡು ತರುವಂತಿಲ್ಲ. ಸ್ಟೆಪ್ನಿ ಇಡುವ ಗುಂಡಿಯ ತಳದಿಂದ, ಯಾರ ಕಣ್ಣಿಗೂ ಬೀಳದ ಜಾಗದಿಂದ, ಅದೇ ಗಾಡಿಯ ತಗಡನ್ನು ಅಂಗೈಯಗಲ ಕತ್ತರಿಸಿ ಬಾಗಿಲಿಗೆ ತೇಪೆ ಹಾಕಿದೆ. ಎರಡು ವರ್ಷದ ಭಾನುವಾರಗಳು ಆ ಒಂದು ಬಾಗಿಲಿಗೆ ಹೋದವು. ವಾರದ ಆರು ದಿನ ಊರವರ ಗಾಡಿ, ಏಳನೆಯದು ಇದಕ್ಕೆ. ಮಗಳು ಚಿಕ್ಕವಳಿದ್ದಾಗ ಹಿಂದಿನ ಸೀಟಿನ ಮೇಲೆ ಮಲಗಿಸಿ ಉಜ್ಜುತ್ತಿದ್ದೆ. ಈಗ ಆ ಸೀಟು ಅವಳ ಕಾಲಿಗೆ ಸಾಲುವುದಿಲ್ಲ. ಗಾಡಿ ಮಾತ್ರ ಒಂದು ಗೇಣೂ ಮುಂದೆ ಹೋಗಿರಲಿಲ್ಲ. ಎಂಜಿನ್ ಕೇಳಿದಾಗಲೆಲ್ಲ ಅಣ್ಣನದು ಒಂದೇ ಪಲ್ಲವಿ: "ಮೊದ್ಲು ಬಾಡಿ ಮುಗ್ಸು, ಆಮೇಲೆ ನೋಡಣ."

ಹೋದ ತಿಂಗಳು ಅವನ ಗೋದಾಮು ಖಾಲಿ ಮಾಡುವ ಹೊತ್ತು ಬಂತು. ಫೋನು ಮಾಡಿದ್ದು ಅತ್ತಿಗೆ. "ನಿಮ್ಮ ಅಣ್ಣ ಕೊಡಲ್ಲ, ಎಸೆಯೋದೂ ಇಲ್ಲ. ನಂಗೆ ಜಾಗ ಬೇಕು. ಈ ವಾರ ತಗೊಂಡು ಹೋಗ್ತೀರೋ, ತೂಕಕ್ಕೆ ಹಾಕ್ಲೋ?"

ಮೂರು ಪೆಟ್ಟಿಗೆ ಶೆಡ್ಡಿಗೆ ಬಂದವು. ಮೊದಲನೆಯದರ ಹಲಗೆ ಎಬ್ಬಿಸಿದವಳು ಅಲ್ಲೇ ಕೂತೆ. ಒಳಗಿದ್ದದ್ದೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಹೊಳೆದರೆ ಒಳ್ಳೆಯದಲ್ಲವೇ ಎಂದು ಕೆಲಸ ತಿಳಿಯದವರು ಕೇಳಬಹುದು. ಆ ಎಂಜಿನ್ನಿಗೆ ಪಿಸ್ಟನ್ನುಗಳನ್ನು ಹಿಡಿದಿರುವ ನಾಲ್ಕು ಕನೆಕ್ಟಿಂಗ್ ರಾಡು, ಒಂದೊಂದರ ಕೆಳಗೂ ಅರ್ಧಚಂದ್ರದಂಥ ಒಂದು ಮುಚ್ಚಳ. ರಾಡು, ಮುಚ್ಚಳ ಎರಡನ್ನೂ ಜೋಡಿಸಿಟ್ಟು ಒಟ್ಟಿಗೇ ಕೊರೆದಿರುತ್ತಾರೆ. ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಅದಕ್ಕೇ ಬಿಚ್ಚುವಾಗ ಅಪ್ಪ ಉಳಿಯಿಂದ ಎರಡರ ಮೇಲೂ ಚುಕ್ಕೆ ಹೊಡೆಯುತ್ತಿದ್ದ. ಮೊದಲನೆಯದಕ್ಕೆ ಒಂದು, ಕೊನೆಯದಕ್ಕೆ ನಾಲ್ಕು. ಅಣ್ಣ ಎಲ್ಲವನ್ನೂ ಮರಳು ಊದುವ ಯಂತ್ರಕ್ಕೆ ಕೊಟ್ಟು ಉಜ್ಜಿಸಿದ್ದ. ಮರಳು ತುಕ್ಕನ್ನು ತಿಂದಿತ್ತು, ಜೊತೆಗೆ ಚುಕ್ಕೆಗಳನ್ನೂ.

ಭಾನುವಾರ ಅವನು ಬಂದ. ಒಳಗೆ ಕಾಲಿಡುವ ಮೊದಲೇ ಕೇಳಿದೆ.

"ಬೇಕಂತಲೇ ಮಾಡಿದ್ಯಾ?"

"ಏನ್ನ?"

"ಚುಕ್ಕೆ ಎಲ್ಲಿ?"

ಬಗ್ಗಿ ನೋಡಿದ. ಅವನ ಮುಖದಲ್ಲಿ ಒಂದು ಕ್ಷಣ ನಿಜವಾದ ಗಾಬರಿ ಕಂಡಿತು, ಆಮೇಲೆ ಅದನ್ನೂ ಉಜ್ಜಿ ಹಾಕಿದ. "ಅಂಗ್ಡಿಗೆ ಬಂದ ಮಾಲು ಹೊಳೀಬೇಕು. ಅದು ನನ್ ರೂಢಿ. ನಿನ್ ಶೆಡ್ಡಿನ ಹಾಗೆ ಎಲ್ಲಾದಕ್ಕೂ ಮಸಿ ಮೆತ್ತಿ ಕೊಡಕ್ಕಾಗತ್ತಾ?"

"ಮೆಕ್ಯಾನಿಕ್ ಮಗ ಅಂತ ಎಲ್ಲೂ ಹೇಳ್ಕೋಬೇಡ. ಅಪ್ಪನ ಮರ್ಯಾದೆ ಹೋಗತ್ತೆ."

"ಆಯ್ತು, ಸ್ಪ್ಯಾನರ್ ರಾಣಿ. ನೀನೇ ಜೋಡ್ಸು. ನಾನು ನೋಡ್ತೀನಿ."

ಸ್ಟೂಲು ಎಳೆದುಕೊಂಡು ಕೂತ. ಮುಚ್ಚಳದೊಳಗೆ ಹಳೆಯ ಬೇರಿಂಗ್ ಪದರ ಇನ್ನೂ ಕೂತಿತ್ತು, ಹೊಸದು ಆಮೇಲೆ ಎಂದು ಅದರೊಂದಿಗೇ ಹೊಂದಿಸಿ ನೋಡತೊಡಗಿದೆ. ಒಂದು ಮುಚ್ಚಳ ಇಟ್ಟು, ಬಿಗಿದು, ಸೇರಿದ ಗೆರೆಯ ಮೇಲೆ ಉಗುರು ಎಳೆಯಬೇಕು. ಉಗುರು ತಡೆದರೆ ಅದಲ್ಲ, ತಡೆಯದೆ ಜಾರಿದರೆ ಅದೇ. ಮಧ್ಯಾಹ್ನ ಮೂರು ಗಂಟೆಗೆ ಮೊದಲ ಜೋಡಿ ಸಿಕ್ಕಿತು. ಐದಕ್ಕೆ ಮೂರನೆಯದು. ಆಗ ಅಣ್ಣನ ಬಾಯಿಂದ ಒಂದು ಒಳ್ಳೆಯ ಮಾತು ಬಂತು, ಅಥವಾ ನನಗೆ ಹಾಗೆ ಕೇಳಿಸಿತು: "ಕೈ ಅಪ್ಪಂದೇ."

ನಾಲ್ಕನೆಯದಕ್ಕೆ ಹುಡುಕುವ ಮಾತೇ ಇರಲಿಲ್ಲ, ಉಳಿದದ್ದು ಒಂದು ರಾಡು, ಒಂದು ಮುಚ್ಚಳ. ಬಿಗಿದು ಉಗುರು ಎಳೆದೆ. ತಡೆಯಿತು. ತಿರುಗಿಸಿ ಇಟ್ಟೆ. ಮತ್ತೂ ತಡೆಯಿತು. ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಾಗ ಅಣ್ಣನ ಹೊಳಪಿನಿಂದ ಒಂದೇ ಒಂದು ಉಪಕಾರವಾಯಿತು. ಬೋಲ್ಟಿನ ತೂತಿನ ಪಕ್ಕ ಕೂದಲೆಳೆಯಷ್ಟು ಸೀಳು ಕಂಡಿತು. ಇದನ್ನು ಹಾಕಿ ಎಂಜಿನ್ ಓಡಿಸಿದರೆ ರಾಡು ಕಿತ್ತುಕೊಂಡು ಹೊರಗೆ ಬರುತ್ತದೆ. ಸೀಳು ಎಲ್ಲಿಯವರೆಗಿದೆ ನೋಡೋಣ ಎಂದು ಬೇರಿಂಗಿನ ಪದರ ಎಬ್ಬಿಸಿದೆ. ಮರಳು ತಲುಪದ ಆ ಜಾಗದಲ್ಲಿ ಸೂಜಿಮೊನೆಯಿಂದ ಗೀಚಿದ ಮೂರಕ್ಷರ ಇತ್ತು.

ಬದಲಿ.

ಅಪ್ಪನ ಕೈಬರಹ. 'ದ'ದ ಬಾಲ ಯಾವಾಗಲೂ ಉದ್ದ ಎಳೆಯುತ್ತಿದ್ದ.

ಅಣ್ಣನ ಮುಂದೆ ಹಿಡಿದೆ. ಅವನು ಓದುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

"ನಂಗೊತ್ತಿತ್ತು," ಅಂದ. "ಗಾಡಿ ಬಿಚ್ಚೋ ಮೊದ್ಲೇ ಅಪ್ಪ ಎಣ್ಣೆ ಒಣಗಿದ್ದು ನೋಡ್ದೆ ಓಡ್ಸಿ ನಾಲ್ಕನೇದನ್ನ ಸೀಳಿಸ್ಕೊಂಡಿದ್ದ. ಬೇರೆ ಗಾಡೀದು ತಂದು ಅರ ಹಾಕಿ ಕೂರ್ಸ್ದ. ಅವತ್ತು ಟಾರ್ಚ್ ಹಿಡ್ದಿದ್ದು ನಾನೇ. ನಿಂಗೆ ಹೇಳ್ಬೇಡ ಅಂದ."

"ಗೊತ್ತಿದ್ದೂ ನನ್ ಕೈಲಿ ಆ ಕ್ಲಿಪ್ಪು ಕೀಳ್ಸಿದ್ಯಾ?"

"ಮಾತು ಕೊಟ್ಟಿದ್ದು ನೀನು. ನಾನಲ್ಲ."

"ಅಪ್ಪನೇ ಮುರಿದಿದ್ದಾನೆ."

"ಅಪ್ಪ ಮಾತು ಕೊಟ್ಟಿರ್ಲಿಲ್ಲ, ಇಸ್ಕೊಂಡಿದ್ದ." ಸ್ಟೂಲಿನಿಂದ ಎದ್ದು ಪ್ಯಾಂಟು ಕೊಡವಿಕೊಂಡ. "ಅವನು ಹಾಕಿದ್ದು ಅವನ ಪಾಡು. ಈಗ ಅದು ಸೀಳಿದೆ. ಇನ್ನೊಂದು ಹಾಕೋಳು ನೀನು. ಹಾಕು. ಬರೋ ಭಾನುವಾರ ಟೋ ಗಾಡಿ ತರ್ತೀನಿ."

"ಇಪ್ಪತ್ತೆರಡು ವರ್ಷ ಇದಕ್ಕೇ ಕಾದ್ಯಾ?"

"ನೀನೂ ಕಾದೆ. ನನ್ನನ್ನೊಬ್ಬನ್ನೇ ಯಾಕೆ ಬೈತೀಯ?" ಶೆಡ್ಡಿನ ಬಾಗಿಲವರೆಗೆ ಹೋಗಿ ಕಾರಿನ ಎಡಗಡೆಯ ಬಾಗಿಲನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿದ. "ಇದೂ ಎರಡು ವರ್ಷ ನಿನ್ ಕೈಲೇ ಇತ್ತಲ್ಲ. ಏನೂ ಓದ್ಲಿಲ್ವಾ?"

ಓದಿರಲಿಲ್ಲ. ಆದರೆ ನೋಡಿದ್ದೆ. ಬಾಗಿಲಿನ ಒಳಗೆ, ಬೀಗದ ಕೆಳಗೆ, ಬಣ್ಣದಡಿಯಲ್ಲಿ ನಾಲ್ಕಾರು ಗೀರು. ತುಕ್ಕಿನ ಗೀರು ಎಂದುಕೊಂಡು ಉಪ್ಪುಕಾಗದ ಹಾಕಿ ಚೆನ್ನಾಗಿ ಉಜ್ಜಿದ್ದೆ. ಅದೂ ಅಪ್ಪನ 'ಬದಲಿ'ಯೇ ಇರಬೇಕು. ಮರಳಿಗೆ ಕೊಟ್ಟವನನ್ನು ಬೈದವಳು ನಾನು.

ಸೋಮವಾರ ಬೆಳಿಗ್ಗೆ ಮುಚ್ಚಳ ತೆಗೆದುಕೊಂಡು ಲೇತ್ ಅಂಗಡಿಯ ಯಜಮಾನರ ಹತ್ತಿರ ಹೋದೆ. ಕನ್ನಡಕ ಹಣೆಗೇರಿಸಿ ಸೀಳು ನೋಡಿದರು, ಗೀಚಿದ್ದನ್ನು ನೋಡಿದರು.

"ಇದಕ್ಕೆ ಬೆಸುಗೆ ಕೂರಲ್ಲಮ್ಮ. ಇದೇ ವಯಸ್ಸಿನ ಗಾಡೀದು ನನ್ ಹತ್ರ ಒಂದು ಇದೆ, ರಾಡು ಮುಚ್ಚಳ ಜೋಡಿ. ನಿಮ್ಮದರದ್ದಲ್ಲ ಅಷ್ಟೇ. ಕೂರತ್ತೆ."

"ಕೊಡಿ."

"ಮನೇಲಿ ಕೇಳ್ಬೇಕಾ ಏನಾದ್ರೂ?"

"ಕೇಳೋ ಜನ ಸತ್ತು ಹದಿನೇಳು ವರ್ಷ ಆಯ್ತು."

ಆ ವಾರ ದಿನಾ ಸಂಜೆ ಕೂತೆ. ನಾಲ್ಕೂ ರಾಡಿಗೆ, ನಾಲ್ಕೂ ಮುಚ್ಚಳಕ್ಕೆ ಮತ್ತೆ ಚುಕ್ಕೆ ಹೊಡೆದೆ. ನಾಲ್ಕನೆಯದರ ಹೊರಮೈ ಮೇಲೆ, ಎಂಜಿನ್ ಬಿಚ್ಚಿದವರಿಗೆ ಮೊದಲು ಕಾಣುವ ಕಡೆ, ದಪ್ಪಗೆ ಕೊರೆದೆ: ಬದಲಿ. ಶನಿವಾರ ಎಂಜಿನ್ ಕೂತಿತು. ಭಾನುವಾರ ಬೆಳಿಗ್ಗೆ ನಾಲ್ಕನೇ ಸಲಕ್ಕೆ ಕೆಮ್ಮಿ, ನೀಲಿ ಹೊಗೆ ಉಗುಳಿ, ಹಿಡಿಯಿತು.

ಹತ್ತು ಗಂಟೆಗೆ ಅಣ್ಣ ಬಂದ. ಹೇಳಿದ ಹಾಗೆ ಟೋ ಗಾಡಿ ತಂದಿದ್ದ. ಕೊಕ್ಕೆ ಹಿಡಿದು ಇಳಿದವನು ಶಬ್ದ ಕೇಳಿ ನಿಂತ. ಬಾನೆಟ್ಟಿನ ಮೇಲೆ ಅಂಗೈ ಇಟ್ಟ, ಬಿಸಿಗೆ ತೆಗೆದ.

"ಹಾಕಿದ್ಯಾ?"

"ಹಾಕಿದೆ. ಮೇಲೇ ಬರ್ದಿದೀನಿ, ಬಿಚ್ಚಿದ್ರೆ ಕಾಣತ್ತೆ. ಟಾರ್ಚ್ ಬೇಡ."

"ಕೀ ಕೊಡು."

"ಕೊಡಲ್ಲ."

"ಅಪ್ಪನ ಎದುರಿಗೆ ಹೇಳಿದ್ದು ನೀನು."

"ಹೌದು."

"ನಾಚಿಕೆ ಆಗಲ್ವಾ?"

"ಆಗತ್ತೆ. ನಿನ್ ಟೋ ಗಾಡಿ ಪಕ್ಕಕ್ಕೆ ತಗಿ."

ಅವನು ತೆಗೆಯಲಿಲ್ಲ. ನಾನು ಕಾರು ಹತ್ತಿ ಹಿಂದಕ್ಕೆ ತಿರುಗಿಸಿ, ಟೋ ಗಾಡಿಗೂ ಗೇಟಿಗೂ ನಡುವೆ ಉಳಿದಿದ್ದ ಜಾಗದಲ್ಲಿ ನುಸುಳಿಸಿದೆ. ಅವನ ಕೊಕ್ಕೆ ಎಡಗಡೆಯ ಬಾಗಿಲಿಗೆ ತಾಗಿ ಉದ್ದಕ್ಕೂ ಗೀರು ಬಿತ್ತು. ಅವನು ಕೊಕ್ಕೆಯನ್ನು ಹಿಡಿದೇ ಇದ್ದ.

ಅಪ್ಪನಿಗೆ ಕೊಟ್ಟ ಮಾತನ್ನು ನಾನು ಮುರಿದೆ. ಗಾಡಿ ನನ್ನ ಹತ್ತಿರ ಇದೆ.