ಕೀಲಿ ಹಾಕಿದ ಬಾಗಿಲು

"ಬಿಗಿ ಮಾಡ್ಲೇ, ನಡುವ ಸಡ್ಲೈತಿ" ಎಂದು ಮೈಲಪ್ಪ ಚಟ್ಟದ ಹಗ್ಗವನ್ನು ಜಗ್ಗಿ ತೋರಿಸಿದ. ಹುಲುಗೇಶ್ ಮೊಣಕಾಲೂರಿ, ಅಪ್ಪನ ಎದೆಯ ಮೇಲಿಂದ ಇನ್ನೊಂದು ಸುತ್ತು ತಂದು ಬಿದಿರಿಗೆ ಗಂಟು ಹಾಕಿದ. ಉಚ್ಚಂಗೆಪ್ಪನ ಮೈ ಒಣಗಿ ಕಡ್ಡಿಯಾಗಿತ್ತು. ಎಷ್ಟು ಬಿಗಿದರೂ ಹಗ್ಗದ ಕೆಳಗೆ ಬಿಳಿ ಬಟ್ಟೆಯಷ್ಟೇ ಕುಸಿಯುತ್ತಿತ್ತು.

"ಹುಲುಗ್ಯಾ, ಧಣೇರ ಮನಿ ಮುಂದ ಚಟ್ಟ ನಿಲ್ಲಂಗಿಲ್ಲ" ಎಂದಳು ಹೊನ್ನೂರಮ್ಮ.

ತಮ್ಮನ ಕೈ ಗಂಟಿನ ಮೇಲೆಯೇ ನಿಂತಿತು. ಬೆಳಿಗ್ಗೆ ಹರಪನಹಳ್ಳಿಯ ಬಸ್ಸಿಳಿದಾಗಿನಿಂದ ಅಕ್ಕ ಅದನ್ನೇ ಹೇಳುತ್ತಿದ್ದಳು. ಇಷ್ಟು ಹೊತ್ತು ಅವನು ಕೇಳಿಸದವನಂತೆ ಇದ್ದ.

ಮಲ್ಲಿಗೆ ತೋಟದ ಧಣಿಗಳ ಮನೆಯಲ್ಲಿ ಜೀತ ಮಾಡಿದವರು ಸತ್ತರೆ ಹೆಣ ಆ ಮನೆಯ ಮುಂದೆ ಇಳಿಯಬೇಕು. ಅದು ಈ ಕೇರಿಯ ಪದ್ಧತಿ. ಹಿರಿಯನೊಬ್ಬ ಮುಂದೆ ಹೋಗಿ ಅಪ್ಪಣೆ ಕೇಳಬೇಕು. ಧಣಿ ಕಟ್ಟೆಯ ಮೇಲೆ ಬಂದು "ಹೂಂ" ಎನ್ನಬೇಕು. ಆಮೇಲೆ ಚಟ್ಟ ಮತ್ತೆ ಹೆಗಲೇರಿ ಸುಡುಗಾಡಿನ ದಾರಿ ಹಿಡಿಯಬೇಕು. ಒಮ್ಮೆ ಇಳಿಸಿದ ಮೇಲೆ ಅಪ್ಪಣೆಯಿಲ್ಲದೆ ಎತ್ತುವಂತಿಲ್ಲ. ಉಚ್ಚಂಗೆಪ್ಪ ಚಡ್ಡಿ ಹಾಕುವ ವಯಸ್ಸಿನಲ್ಲೇ ಆ ಮನೆಗೆ ಜೀತಕ್ಕೆ ಹೋಗಿ, ಅವರ ದನದ ಕೊಟ್ಟಿಗೆಯಲ್ಲಿ ಮಲಗಿ, ಅವರ ಮಲ್ಲಿಗೆಗೆ ನೀರು ಕಟ್ಟಿ ಮುದುಕನಾದವನು.

"ಅಕ್ಕಾ, ನೀ ಸಂಜಿ ಬಸ್ ಹತ್ತಿ ಹೋಗ್ತಿ. ನಾಳಿ ನಸುಕಿನಾಗ ಆ ತ್ವಾಟಕ್ಕ ಹೂ ಬಿಡಸಾಕ ಹೋಗಾರು ನಾವು."

"ಬ್ಯಾರೆ ಎಲ್ಲೂ ಕೆಲಸ ಇಲ್ಲೇನು?"

"ಐತಲ್ಲ. ಹಡಗಲಿಯಾಗ ನನಗ ಕುರ್ಚಿ ಹಾಕಿ ಕಾಯಾಕ ಹತ್ಯಾರ."

"ಹೆಣದ ಮುಂದ ಜಗಳ ಬ್ಯಾಡ್ರಪಾ" ಎಂದು ಭರಮಮ್ಮ ನಡುವೆ ಬಾಯಿ ಹಾಕಿದಳು. ಅವಳು ಸತ್ತವನ ತಂಗಿ. "ಹೊನ್ನೂರೀ, ನಿಮ್ಮಪ್ಪ ಬದುಕಿದ್ದಾಗ ಒಂದಿನ ಕೇಳದ ಹೊಸ್ತಿಲ ದಾಟ್ಲಿಲ್ಲ. ಸತ್ತ ಮ್ಯಾಲೆ ಕಲಿಸಾಕ ಹೊಂಟಿಯೇನು?"

"ಅದು ಖರೇ" ಎಂದು ಮೈಲಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. ಅವನೂ ಅದೇ ಕೊಟ್ಟಿಗೆಯಲ್ಲಿ ಮಲಗಿದವನು. "ಜೀತ ಬಿಡಸಾಕ ಸರಕಾರದೋರು ಜೀಪಿನಾಗ ಬಂದಿದ್ರಲ್ಲ, ನಾನೂ ಅಲ್ಲೇ ಇದ್ದೆ. 'ಉಚ್ಚಂಗೆಪ್ಪ, ಇವತ್ತಿನಿಂದ ನೀನು ಯಾರ ಆಳೂ ಅಲ್ಲ, ಮನೆಗೆ ಹೋಗು' ಅಂದ್ರು. ಈ ಮಗ ಏನು ಮಾಡಿದ? ದೊಡ್ಡ ಧಣಿ ಕಡಿಗೆ ತಿರುಗಿ, 'ಹೋಗ್ಲೇನ್ರೀ?' ಅಂದ!"

ಹೆಣದ ಸುತ್ತ ಕೂತವರು ನಕ್ಕರು. ಭರಮಮ್ಮನೂ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು.

"ಧಣಿ ಏನಂದ್ರು?" ಯಾರೋ ಕೇಳಿದರು.

"ದನಕ್ಕ ನೀರು ಕುಡಿಸಿ ಹೋಗು ಅಂದ್ರು. ಕುಡಿಸಿದ. ಆಮ್ಯಾಲೆ ಹೋಗ್ಲಿಲ್ಲ."

ಹೊನ್ನೂರಮ್ಮ ನಗಲಿಲ್ಲ. ಹುಲುಗೇಶನೂ ನಗಲಿಲ್ಲ. ಅವನು ಅಂಗಿಯ ಕಿಸೆಯಿಂದ ಫೋನು ತೆಗೆದು ಮತ್ತೊಮ್ಮೆ ನೋಡಿದ. ದೊಡ್ಡ ಧಣಿ ಗುರುಸಂಗಪ್ಪ ಹೋದ ಮೇಲೆ ಈಗ ಅವರ ಮಗ ಗಂಗಾಧರನೇ ಧಣಿ. ನಸುಕಿನಿಂದ ಎಷ್ಟು ಸಲ ಹಚ್ಚಿದರೂ ಎತ್ತಿರಲಿಲ್ಲ. ಅಪ್ಪ ಹೋದ ಸುದ್ದಿ ಮುಟ್ಟಿಲ್ಲ. ಇವತ್ತು ಕೇರಿಯವರು ಒಬ್ಬರೂ ಹೂ ಬಿಡಿಸಲು ಹೋಗಿಲ್ಲ ಎಂಬುದೂ ಮುಟ್ಟಿಲ್ಲ.

* * *

ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಉಚ್ಚಂಗೆಪ್ಪ ಮಗಳ ಮನೆಗೆ ಬಂದಿದ್ದ. ಹೊನ್ನೂರಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದಳು. ಮೊದಲ ದಿನ ಅವನು ಕಕ್ಕಸಿಗೆ ಹೋಗುವುದಕ್ಕೂ "ಹೋಗ್ಲೇನವ್ವಾ?" ಎಂದು ಕೇಳಿದ. ಇನ್ನೊಮ್ಮೆ ಹೀಗೆ ಕೇಳಬಾರದೆಂದು ಅವಳು ರೇಗಿದಳು. ಅವನು ಕೇಳುವುದನ್ನು ಬಿಟ್ಟ. ಬಿಟ್ಟು ಹೊಸ್ತಿಲ ಹತ್ತಿರ ಬಂದು ನಿಲ್ಲತೊಡಗಿದ. ಯಾರಾದರೂ ತಲೆಯೆತ್ತಿ ನೋಡುವವರೆಗೂ ನಿಲ್ಲುತ್ತಿದ್ದ. ನೋಡಿದರೆ ಹೋಗುತ್ತಿದ್ದ.

ಒಂದು ಸಂಜೆ ಅವಳು ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು.

"ಯಾವೂರ ಕತೀನವ್ವಾ ಅದು?"

"ಅಮೆರಿಕದ್ದಪ್ಪಾ. ಹಳೇ ಕಾಲದ್ದು. ಅಲ್ಲೂ ಜೀತ ಇತ್ತು, ನಮ್ಮದಕ್ಕಿಂತ ಕೆಟ್ಟದ್ದು. ಕರೇ ಮಂದೀನ ಹಡಗಿನಾಗ ಹೇರ್ಕೊಂಡು ಬಂದು ಸಂತ್ಯಾಗ ಮಾರ್ತಿದ್ರು. ತಂಬಾಕಿನ ಹೊಲದಾಗ ದುಡಸ್ತಿದ್ರು."

"ಮಾರ್ತಿದ್ರಾ!" ಅವನು ಹಸಿರು ಪಟ್ಟಿ ಕಟ್ಟಿದ ಕಣ್ಣನ್ನು ಅವಳ ಕಡೆ ತಿರುಗಿಸಿದ. ಹೊಡೆತದ ಬಗ್ಗೆ ಕೇಳುತ್ತಾನೆಂದು ಅವಳು ಅಂದುಕೊಂಡಳು. ಅವನು ಕೇಳಿದ್ದು ಬೇರೆ. "ಎಲ್ಲಿ ಮಕ್ಕೋತಿದ್ರು?"

"ಗುಡಿಸ್ಲಾಗ."

"ದನದ ಸಂಗಾಟಲ್ಲ?"

"ಅಲ್ಲ. ಮಂದಿಗೇ ಬ್ಯಾರೆ ಗುಡಿಸ್ಲು."

"ಬ್ಯಾರೆ ಊರಿಗೆ ಹೋಗಬೇಕಂದ್ರ?"

"ಧಣಿ ಚೀಟಿ ಬರದು ಕೊಡಬೇಕಿತ್ತು. ಚೀಟಿ ಇಲ್ದ ದಾರ್ಯಾಗ ಸಿಕ್ರ ಹಿಡದು ಹೊಡೀತಿದ್ರು. ಸತ್ತೋರನ್ನ ಮಣ್ಣು ಮಾಡಾಕೂ ಕೇಳಬೇಕಿತ್ತು."

ಕೊನೆಯ ಮಾತಿಗೆ ಅವನು ಆಶ್ಚರ್ಯ ಪಡಲಿಲ್ಲ. ಅವನ ಮನಸ್ಸು ಚೀಟಿಯ ಮೇಲೆಯೇ ಇತ್ತು.

"ಚೀಟಿ ಚಲೋ ಬಿಡವ್ವಾ. ಕಿಸೇದಾಗ ಇಟ್ಕೋಬೌದು. ನಮಗ ಬರೇ ಬಾಯಿಮಾತು. ಹೂಂ ಅಂದು ಬಿಡ್ತಿದ್ರು, ಅರ್ಧ ದಾರಿಗೆ ಮಂದೀನ ಕಳಿಸಿ ವಾಪಸ್ ಕರಸ್ತಿದ್ರು. ನೀ ಹುಟ್ಟಿದಾಗ ಹಂಗ ಆತು. ಹಳ್ಳದ ತನಕ ಬಂದು ತಿರುಗಿ ಹೋದೆ. ಹೂವಿಗೆ ನೀರು ಕಟ್ಟಿ ಬರಾದ್ರಾಗ ನೀ ಕಣ್ಣು ಬಿಟ್ಟು ನೋಡಾಕತ್ತಿದ್ದಿ."

ಅವನು ಅದನ್ನು ನಗುತ್ತಲೇ ಹೇಳಿದ್ದ.

* * *

ಬಿಸಿಲು ಇಳಿಯುವ ಹೊತ್ತಿಗೆ ಚಟ್ಟ ಎದ್ದಿತು. ಮುಂದೆ ಹಲಗೆ, ಹಿಂದೆ ಮಂಡಕ್ಕಿ ಎರಚುವವರು. ಹುಲುಗೇಶ್ ಮುಂದಿನ ಬಲ ಹೆಗಲು ಕೊಟ್ಟಿದ್ದ. ಹೊನ್ನೂರಮ್ಮ ಅವನ ಪಕ್ಕದಲ್ಲೇ ನಡೆದಳು. ನಿಲ್ಲುತ್ತೀಯೋ ಇಲ್ಲವೋ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಧಣಿಗಳ ಓಣಿ ಬಂದಾಗ ಹಲಗೆಯ ಪೆಟ್ಟು ತಾನಾಗಿಯೇ ಸಣ್ಣದಾಯಿತು. ದೊಡ್ಡ ಬಾಗಿಲಿನ ಮುಂದೆ ನಾಲ್ವರ ಕಾಲುಗಳೂ ನಿಂತವು.

ಬಾಗಿಲಿಗೆ ಕೀಲಿ ಬಿದ್ದಿತ್ತು.

"ನಸುಕಿನಾಗ ಕಾರು ತಗೊಂಡು ದಾವಣಗೆರಿಗೆ ಹೋದ್ರು, ಮದಿವಿಗೆ" ಎಂದು ಎದುರಿನ ಅಂಗಡಿಯಿಂದ ವೀರಭದ್ರಯ್ಯ ಕೂಗಿ ಹೇಳಿದ. "ಇವತ್ತು ಬರತಾರೋ ನಾಳಿ ಬರತಾರೋ, ಗೊತ್ತಿಲ್ಲಪ್ಪ."

ಹೊತ್ತವರು ಬಿದಿರನ್ನು ಹೆಗಲ ಮೇಲೆ ಸರಿಸಿಕೊಂಡರು.

"ಇಳಸ್ರಿ, ಭಾರ" ಎಂದ ಹಿಂದಿನ ಹೆಗಲಿನವನು.

"ಇಳಸಿದ್ರ ಎತ್ತೋದು ಹೆಂಗಲೇ? ಯಾರು ಹೂಂ ಅಂತಾರ?"

"ಹಂಗಾರ ನಡೀರಿ."

"ಏ, ಸುಮ್ನಿರು" ಎಂದು ಭರಮಮ್ಮ ಗದ್ದ ಎತ್ತಿ ತೋರಿಸಿದಳು. ಬಾಗಿಲ ಮೇಲೆ, ಒಣಗಿದ ಮಾವಿನ ತೋರಣದ ಪಕ್ಕದಲ್ಲಿ ಪುಟ್ಟ ಕ್ಯಾಮೆರಾ ಇತ್ತು. ಅದರ ಕೆಂಪು ದೀಪ ಮಿನುಗುತ್ತಿತ್ತು. "ಎಲ್ಲಾ ಕಾಣತೈತಿ ಅವ್ರಿಗೆ. ಕುಂತಲ್ಲೇ ಮೊಬೈಲಿನಾಗ ನೋಡ್ತಾರ."

ಒಬ್ಬ ತಲೆಯ ಟವಲು ತೆಗೆದ. ಇಬ್ಬರು ಚಪ್ಪಲಿ ಕಳಚಿ ಬದಿಗಿಟ್ಟರು. ಹೊನ್ನೂರಮ್ಮ ಬೆಳಗಿನಿಂದ ಈ ಬಾಗಿಲಿನ ಮುಂದೆ ಆಡಬೇಕೆಂದು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಒಂದೂ ಹೊರಡಲಿಲ್ಲ. ತಾನೂ ಆ ಕೆಂಪು ದೀಪವನ್ನೇ ನೋಡುತ್ತ ನಿಂತಿದ್ದೇನೆ ಎಂಬುದು ಅವಳಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

ಮೈಲಪ್ಪ ಮುಂದೆ ಬಂದ. ಟವಲನ್ನು ಕಂಕುಳಲ್ಲಿ ಒತ್ತಿಕೊಂಡು, ಕೀಲಿಗಲ್ಲ, ಕ್ಯಾಮೆರಾಕ್ಕೆ ಕೈ ಮುಗಿದ.

"ಧಣೀ, ಉಚ್ಚಂಗ ಹೋಗ್ತಾನ್ರೀ. ಅಪ್ಪಣಿ ಕೊಡ್ರಿ."

ಕತ್ತೆತ್ತಿ ಕಾದ. ದೀಪ ಮಿನುಗಿತು. ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಇನ್ನೂ ಜೋರಾಗಿ ಅದನ್ನೇ ಹೇಳಿದ. ಮತ್ತೆ ಕಾದ. ಚಟ್ಟ ಹೊತ್ತವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಹುಲುಗೇಶ್ ಬಿದಿರಿನ ಕೆಳಗಿಂದಲೇ ಮೈಲಪ್ಪನ ಬಾಗಿದ ಬೆನ್ನನ್ನು ನೋಡುತ್ತಿದ್ದ.

"ಸಾಕು ಬಾ, ಕಾಕಾ."

"ತಡೀಲೇ. ನೋಡಿದ್ರೋ ಇಲ್ಲೋ."

ಹುಲುಗೇಶ್ ಬಿದಿರನ್ನು ಕುತ್ತಿಗೆಯ ಹತ್ತಿರ ಎಳೆದುಕೊಂಡ. ಬಲಗಾಲು ಮುಂದಿಟ್ಟ. ಚಟ್ಟ ವಾಲಿತು. ಉಳಿದ ಮೂವರು ಹೆಜ್ಜೆ ಹಾಕದಿದ್ದರೆ ಹೆಣ ನೆಲಕ್ಕೆ ಬೀಳುತ್ತಿತ್ತು. ಹಾಕಿದರು.

"ಹುಲುಗ್ಯಾ! ಏನು ಮಾಡ್ತೀಲೇ!" ಭರಮಮ್ಮನ ದನಿ ಬಿರಿಯಿತು.

ಅವನು ತಿರುಗಲಿಲ್ಲ. ಹಲಗೆಯವನು ಒಮ್ಮೆ ಬಾಗಿಲನ್ನೂ ಒಮ್ಮೆ ಚಟ್ಟವನ್ನೂ ನೋಡಿ, ಓಡಿಬಂದು ಮುಂದೆ ಸೇರಿಕೊಂಡ. ಮೈಲಪ್ಪ ಮಾತ್ರ ಕೈ ಮುಗಿದುಕೊಂಡು ಅಲ್ಲೇ ಉಳಿದ.

ಓಣಿಯ ತಿರುವಿನಲ್ಲಿ ಹುಲುಗೇಶನ ಎದೆಯ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ಅವನ ಎರಡೂ ಕೈ ಬಿದಿರಿನ ಮೇಲಿದ್ದವು.

"ಯಾರು ನೋಡಕ್ಕಾ."

ಹೊನ್ನೂರಮ್ಮ ಎರಡು ಬೆರಳಿನಿಂದ ಫೋನನ್ನು ಅರ್ಧ ಎತ್ತಿ ನೋಡಿದಳು. "ಗಂಗಾಧರ ಧಣಿ" ಎಂದಳು. "ಎತ್ತಲೇನು?"

"ಕಿಸೇದಾಗ ಇರ್ಲಿ."

ದಾರಿ ತೋಟದ ಬೇಲಿಯ ಗುಂಟ ಹೊರಳಿತು. ಬೆಳಿಗ್ಗೆ ಯಾರೂ ಬಿಡಿಸದ ಮೊಗ್ಗುಗಳು ಗಿಡದಲ್ಲೇ ಬಿರಿಯುತ್ತಿದ್ದವು, ಸಾಲಿಗೆ ಸಾಲೇ ಬೆಳ್ಳಗೆ. ಇನ್ನು ಅವನ್ನು ಯಾವ ಪೇಟೆಯಲ್ಲೂ ಕೊಳ್ಳುವುದಿಲ್ಲ. ಫೋನು ನಿಂತಿತು. ಮತ್ತೆ ಶುರುವಾಯಿತು. ಬಿಳಿ ಅಂಗಿಯೊಳಗೆ ಅದರ ಬೆಳಕು ಹತ್ತುತ್ತ ಆರುತ್ತ ಇತ್ತು. ಅದರ ಮೇಲೆ, ಹೆಗಲಿನ ಎತ್ತರದಲ್ಲಿ, ಉಚ್ಚಂಗೆಪ್ಪ ತೋಟ ದಾಟುತ್ತಿದ್ದ.