ಟವೆಲ್ಲಿನ ಕೆಳಗೆ ಕೊಂಡ ಕ್ಯಾಮ್ ಶಾಫ್ಟ್

ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ನಾನು ಹಳೆಯ ಕ್ಯಾಮ್ ಶಾಫ್ಟನ್ನು ಒರೆಸುತ್ತಿದ್ದೆ. ಎದುರಿಗೆ ಕೂತ ಅತ್ತಿಗೆ ರಾಮಕ್ಕ ಅದನ್ನು ಸುತ್ತಲು ಗೋಣಿಚೀಲ ಹರಿದು ಕೊಡುತ್ತಿದ್ದಳು. ಅವಳಿಗೆ ಒಂಬತ್ತು ತಿಂಗಳು ತುಂಬುತ್ತಾ ಬಂದಿತ್ತು.

ತೋಳುದ್ದದ ಕಬ್ಬಿಣದ ಸಲಾಕೆ ಅದು, ಮೈಮೇಲೆ ಎಂಟು ಉಬ್ಬು. ಇಂಜಿನ್ನಿನೊಳಗೆ ತಿರುಗುತ್ತಾ ವಾಲ್ವುಗಳನ್ನು ಎತ್ತಿ ಇಳಿಸುವುದು ಆ ಉಬ್ಬುಗಳೇ. ನಮ್ಮ ಡೀಸೆಲ್ ಪಿಕಪ್ಪಿನದು ಸವೆದುಹೋಗಿ, ಗಾಡಿ ಅಂಚೆಟ್ಟಿಯ ಮೆಕ್ಯಾನಿಕ್ ಗೋಪಾಲಪ್ಪನ ಹತ್ತಿರ ನಿಂತು ಹದಿನೈದು ದಿನವಾಗಿತ್ತು. ಇದೇ ಅಳತೆಯದು ಎಲ್ಲಾದರೂ ಹುಡುಕಿ ತನ್ನಿ ಎಂದು ಅವನು ಹಳೆಯದನ್ನು ಬಿಚ್ಚಿ ಕೊಟ್ಟಿದ್ದ.

ನಮ್ಮೂರು ನಾಟ್ರಾಂಪಾಳ್ಯದಿಂದ ಡೆಂಕಣಿಕೋಟೆ ಆಸ್ಪತ್ರೆಗೆ ಹೋಗಬೇಕಾದರೆ ಅಂಚೆಟ್ಟಿ ದಾಟಿ ಘಾಟಿ ಹತ್ತಬೇಕು. ಬಸ್ಸು ಬೆಳಿಗ್ಗೆ ಒಂದೇ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಪಿಳ್ಳಮ್ಮನಿಗೆ ನೋವು ಬಂದಾಗ ನಮ್ಮ ಪಿಕಪ್ಪಿನಲ್ಲೇ ಕರೆದೊಯ್ದರು. ಗಾಡಿ ಏರಿನಲ್ಲಿ ದಮ್ಮು ಕಟ್ಟಿ ನಿಂತಿತು. ಹೆರಿಗೆ ಅಲ್ಲೇ ಆಯಿತು, ಮಗು ಉಳಿಯಲಿಲ್ಲ. ಈಗ ಅತ್ತಿಗೆಯ ಸರದಿ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಪ್ಪ ಮಾತ್ರ ದಿನಕ್ಕೆ ಮೂರು ಸಲ ಗಾಡಿಯ ಮಾತೆತ್ತುತ್ತಿದ್ದ.

ಶಾಫ್ಟ್ ಹುಡುಕಲು ಕೃಷ್ಣಗಿರಿಗೆ ಅಪ್ಪ ಕದಿರಪ್ಪ, ಗಾಡಿ ಓಡಿಸುವ ಅಣ್ಣ ಮುತ್ತರಾಯಪ್ಪ, ನಾನು ಹೋದೆವು. ಅವರಿಬ್ಬರಿಗೂ ಓದು ಬಾರದು. ನಾನು ತಮಿಳು ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಇದ್ದವಳು, ಬೋರ್ಡು ಓದುವುದಕ್ಕೆ ನಾನು ಬೇಕು. ಮೂರು ಬಸ್ಸು ಬದಲಾಯಿಸುವಷ್ಟರಲ್ಲಿ ಸಲಾಕೆಯ ಭಾರಕ್ಕೆ ನನ್ನ ತೊಡೆ ಜೋಮು ಹಿಡಿದಿತ್ತು.

ಹಳೇ ಗಾಡಿ ಸಾಮಾನಿನ ಅಂಗಡಿಯವನು ನಮ್ಮ ಅಳತೆಯ ಎರಡನ್ನು ತಂದು ಮುಂದಿಟ್ಟ. ಒಂದು ನಮ್ಮದರಂತೆಯೇ, ಸವೆತ ಸ್ವಲ್ಪ ಕಡಿಮೆ. ಇನ್ನೊಂದರ ಉಬ್ಬುಗಳು ಎತ್ತರವಾಗಿ ಹೊಳೆಯುತ್ತಿದ್ದವು. ಅಪ್ಪ ಗಾಡಿ ಕೊಳ್ಳುವ ಮುಂಚೆ ಮೂವತ್ತು ವರ್ಷ ದನದ ವ್ಯಾಪಾರ ಮಾಡಿದವನು. ಎತ್ತಿನ ಹೆಗಲ ಮೇಲಿನ ಹಿಣಿಲು ಸವರುವಂತೆ ಆ ಉಬ್ಬುಗಳ ಮೇಲೆ ಹೆಬ್ಬೆರಳಾಡಿಸಿ ಅಣ್ಣನಿಗೆ ಹೇಳಿದ.

"ನೋಡ್ಲಾ, ಒಂಚೂರೂ ಸವೆದಿಲ್ಲ. ನಮ್ದು ಮುದಿಯೆತ್ತು, ಇದು ಹೋರಿ."

"ಹಲ್ಲೂ ಎಣಿಸ್ಬುಡಿ ಯಜಮಾನ್ರೆ," ಎಂದು ಅಂಗಡಿಯವನು ನಕ್ಕ. ಬೆಂಗಳೂರಿನ ಯಾರೋ ಡೀಸೆಲ್ ಜೀಪನ್ನು ಪಂದ್ಯಕ್ಕೆ ಓಡಿಸಲು ಲೇತಿನಲ್ಲಿ ಕಡೆಸಿದ್ದು ಅದು, ವೇಗ ಹಿಡಿದರೆ ಗಾಳಿಯ ಹಾಗೆ ಹೋಗುತ್ತದೆ ಎಂದ. ಅಣ್ಣನ ಮುಖ ಅರಳಿತು.

ಅಪ್ಪ ಹೆಗಲ ಟವೆಲ್ಲನ್ನು ತನ್ನ ಕೈಯ ಮೇಲೂ ಅವನ ಕೈಯ ಮೇಲೂ ಹಾಸಿದ. ಅಂಗಡಿಯವನಿಗೂ ದನದ ಸಂತೆಯ ರೂಢಿ ಇತ್ತೆಂದು ಕಾಣುತ್ತದೆ. ಇಬ್ಬರೂ ಮಾತಿಲ್ಲದೆ ಬೆರಳುಗಳಲ್ಲೇ ಬೆಲೆ ಕಟ್ಟತೊಡಗಿದರು. ಕೈ ಟವೆಲ್ಲಿನ ಕೆಳಗಿರುವಾಗ ಮೂರನೆಯವರು ತುಟಿ ಬಿಚ್ಚಬಾರದು. ಒಮ್ಮೆ ಅಮ್ಮ ಬಾಯಿ ಹಾಕಿದ್ದಕ್ಕೆ ಒಂದು ಜೊತೆ ಎತ್ತು ಕೈತಪ್ಪಿ, ಅಪ್ಪ ಒಂದು ತಿಂಗಳು ಅವಳೊಂದಿಗೆ ಮಾತು ಬಿಟ್ಟಿದ್ದ.

ನಾನು ಸುಮ್ಮನೆ ನೋಡುತ್ತಾ ನಿಂತೆ. ಶಾಫ್ಟಿನ ತುದಿಗೆ ತಂತಿಯಲ್ಲಿ ಒಂದು ರಟ್ಟಿನ ಚೂರು ಕಟ್ಟಿತ್ತು. ತಿರುಗಿಸಿ ನೋಡಿದೆ. ಮಾಸಿದ ತಮಿಳು ಅಕ್ಷರ: ಓಟಕ್ಕೆ ಮಾತ್ರ, ಹೊರೆಗಾಡಿಗೆ ಹಾಕಬೇಡಿ. ಇನ್ನೊಂದು ಸಲ ಓದಿದೆ. ಅಪ್ಪನ ಕಡೆ ನೋಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ಬೆರಳು ಎಣಿಸುತ್ತಿದ್ದ. ಅಷ್ಟರಲ್ಲಿ ಇಬ್ಬರೂ ಕೈ ಅಮುಕಿ ಟವೆಲ್ ತೆಗೆದರು. ವ್ಯಾಪಾರ ಮುಗಿದಿತ್ತು. ಅಣ್ಣ ರಟ್ಟನ್ನು ಕಿತ್ತು ಎಸೆದು ಶಾಫ್ಟನ್ನು ನನ್ನ ಕೈಗೆ ಕೊಟ್ಟ.

ವಾಪಸು ಮೂರು ಬಸ್ಸು. ಮೂರರಲ್ಲೂ ಹೇಳಬೇಕೆಂದುಕೊಂಡೆ. ಅಪ್ಪ ಅಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದ್ದನ್ನು ಆ ತಿಂಗಳಲ್ಲಿ ನೋಡಿರಲಿಲ್ಲ.

ಉಬ್ಬು ಎತ್ತರ ಜಾಸ್ತಿಯಾಯಿತಲ್ಲ ಎಂದು ಗೋಪಾಲಪ್ಪ ಅನುಮಾನಪಟ್ಟ. ಸವೆಯದ್ದು ಇರುವುದೇ ಹಾಗೆ ಎಂದು ಅಪ್ಪ ಗಟ್ಟಿಸಿ ಹೇಳಿದ. ಎರಡು ದಿನ ಹಿಡಿಯಿತು ಕೂಡಿಸಲು. ಗಾಡಿ ನಿಂತಲ್ಲೇ ಗಡಗಡ ನಡುಗಿತು, ಸಮ ದಾರಿಯಲ್ಲಿ ಮಾತ್ರ ಹಿಂದೆಂದೂ ಇಲ್ಲದ ವೇಗ. ಮಾರನೆಯ ದಿನ ರಾಗಿ ಮೂಟೆ ಹೇರಿಕೊಂಡು ಘಾಟಿ ಹತ್ತಿಸಿದರು. ಎರಡನೇ ತಿರುವಿಗೆ ಇಂಜಿನ್ ಆರಿತು. ಮೂಟೆಗಳನ್ನೆಲ್ಲ ಇಳಿಸಿದರು. ಖಾಲಿ ಗಾಡಿಯೂ ತಿರುವಿನಲ್ಲಿ ನಿಧಾನ ಮಾಡಿದೊಡನೆ ಆರುತ್ತಿತ್ತು. ಇದು ಓಡುವುದಕ್ಕೆ ಮಾಡಿದ್ದು, ಎಳೆಯುವುದಕ್ಕಲ್ಲ ಎಂದ ಗೋಪಾಲಪ್ಪ.

ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಆ ರಟ್ಟಿನ ವಿಷಯ ಹೇಳಿದೆ. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

"ಓದ್ದಾಗ್ಲೇ ಯಾಕಮ್ಮಿ ಏಳ್ಲಿಲ್ಲ?"

"ಟವೆಲ್ ಕೆಳ್ಗೆ ಕೈ ಇತ್ತಲ್ಲಪ್ಪಾ."

ಅಪ್ಪ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. ವಾಪಸು ಕೊಟ್ಟು ಇನ್ನೊಂದನ್ನು ತರೋಣ ಎಂದ ಅಣ್ಣ.

"ಕೈ ಅಮುಕಿದ್ಮೇಲೆ ವಾಪಸ್ ಅನ್ನೋದಿಲ್ಲ ಕಣ್ಲಾ. ಕುಂಟೋ ಎತ್ತನ್ನೂ ನಾನು ವಾಪಸ್ ಒಡ್ಕೊಂಡೋದೋನಲ್ಲ."

ಹಾಗಾದರೆ ತಿರುವಿನಲ್ಲೂ ನಿಧಾನ ಮಾಡದೆ ಒಂದೇ ದಮ್ಮಿಗೆ ಹತ್ತಿಸಿಬಿಡುತ್ತೇನೆ, ಹೆರಿಗೆಯ ಹೊತ್ತಿಗೆ ಎಲ್ಲ ಸರಿಹೋಗುತ್ತದೆ ಎಂದ ಅಣ್ಣ. ಅಪ್ಪ ಒಪ್ಪಿ ತಲೆಯಾಡಿಸಿದ. ಅಮ್ಮ ಸಾರು ಬಡಿಸಿದಳು. ಅತ್ತಿಗೆ ಅಣ್ಣನನ್ನೂ ಅಪ್ಪನನ್ನೂ ಒಬ್ಬೊಬ್ಬರಾಗಿ ನೋಡಿ ತಟ್ಟೆಯ ಕಡೆ ತಲೆ ತಗ್ಗಿಸಿದಳು. ಊಟದ ಹೊತ್ತಿನಲ್ಲಿ ನಾನು ಎಂದೂ ಎರಡನೇ ಮಾತಾಡಿದವಳಲ್ಲ.

"ಅಪ್ಪಾ, ನಾಳೆ ಬೆಳಿಗ್ಗೆ ಬಸ್ನಾಗೆ ಅತ್ತಿಗೇನ ಡೆಂಕಣಿಕೋಟೆಗೆ ಕರ್ಕೊಂಡೋಗಿ ಆಸ್ಪತ್ರೆ ಪಕ್ದಾಗಿರೋ ಕೊಂಡಮ್ಮತ್ತೆ ಮನೇಲಿ ಬಿಟ್ ಬನ್ನಿ. ಎರಿಗೆ ಆಗೋಗಂಟ ಅಲ್ಲೇ ಇರ್ಲಿ."

ಅಪ್ಪ ಹೆಗಲ ಟವೆಲ್ಲನ್ನು ತೆಗೆದು ಪಕ್ಕಕ್ಕಿಟ್ಟು, ಬೆಳಗಿನ ಬಸ್ಸಿಗೆ ಅತ್ತಿಗೆಯ ಬಟ್ಟೆ ಕಟ್ಟಲು ಅಮ್ಮನಿಗೆ ಹೇಳಿದ.