ಬೂಟು ಬಿಟ್ಟವರ ಗೋಡೆ

ಕೋಟಿನ ಕಾಲರು ಮತ್ತೆ ಮಡಚಿಕೊಂಡಿತ್ತು. ಪರ್ಲ್ ಪೆಟ್ಟಿಗೆಯೊಳಗೆ ಕೈ ಹಾಕಿ ಅದನ್ನು ಸರಿಮಾಡುತ್ತಿದ್ದಳು. ಬದುಕಿದ್ದಾಗಲೂ ಈ ಮನುಷ್ಯನಿಗೆ ಕೋಟು ಒಗ್ಗಿದ್ದಿಲ್ಲ. ಮದುವೆಯ ದಿನ ಇಗರ್ಜಿಯ ಮೆಟ್ಟಿಲ ಮೇಲೂ ಅವಳೇ ಹೀಗೆ ಕಾಲರು ಎಳೆದು ಕೂರಿಸಿದ್ದಳು. ಆಗ ಆನ್ಸೆಲ್ಮ್ ಕಚಗುಳಿ ಎಂದು ಕುತ್ತಿಗೆ ಕೊಂಕಿಸಿದ್ದ. ಈಗ ಸುಮ್ಮನೆ ಮಲಗಿದ್ದ.

ದುಬೈಯ ಸೋನಾಪುರದಲ್ಲಿ, ಹೆಣ ಕೆಡದಂತೆ ಮದ್ದು ಹಾಕಿ ಕಳಿಸುವ ಎಂಬಾಮಿಂಗ್ ಸೆಂಟರಿನಲ್ಲಿ ಫಾದರ್ ಪ್ರಾರ್ಥನೆ ಮುಗಿಸಿ ಹೊರಟಾಗಿತ್ತು. ಇನ್ನು ಪೆಟ್ಟಿಗೆ ಮುಚ್ಚಿ ಕಾರ್ಗೋಗೆ ಕಳಿಸುವುದಷ್ಟೇ ಬಾಕಿ. ಅದೇ ವಿಮಾನದಲ್ಲಿ ಪರ್ಲ್ ಮತ್ತು ಮಗಳು ಫಿಯೋನಾ ಮಂಗಳೂರಿಗೆ ಹೋಗುವವರು. ಮಣ್ಣಿಗಿಡುವುದು ನಾಳೆ, ಊರಿನಲ್ಲಿ. "ಬಿಟ್ಟರೆ ಒಟ್ಟಿಗೇ ಬಿಡುವ ಈ ದುಬೈ" ಎಂದು ಗಂಡ ವರ್ಷ ವರ್ಷವೂ ಹೇಳುತ್ತಿದ್ದ. ಕೊನೆಗೂ ಒಟ್ಟಿಗೇ ಹೊರಟಂತಾಯಿತು: ಅವಳು ಸೀಟಿನಲ್ಲಿ, ಅವನು ಲಗೇಜಿನ ಜಾಗದಲ್ಲಿ.

ಹೊರಗೆ ನೆರಳಿನಲ್ಲಿ ಗಂಡಸರ ಸ್ವರ ಏರುತ್ತಿತ್ತು. ಸಾವಿನ ಮನೆಯ ಪಿಸುಮಾತಲ್ಲ, ಸರಿಯಾದ ವಾದ.

"ಅದು ಅವನೇ ಮಾಡಿದ ರೂಲ್ಸು ಉಸ್ಮಾನಣ್ಣ," ಎನ್ನುತ್ತಿದ್ದ ಗುಣಪಾಲ, ಆನ್ಸೆಲ್ಮನ ಫುಟ್‌ಬಾಲ್ ತಂಡದ ಗೋಲ್‌ಕೀಪರ್. "ಬೂಟು ಬಿಡದವನ ಹೆಸರು ಗೋಡೆಗೆ ಎತ್ತುದೇ ಬೇಡ ಅಂತ ಹೇಳಿದ್ದು ಯಾರು? ನಾನಾ?"

"ಸತ್ತವನಿಗೆ ಎಂತ ರೂಲ್ಸು ಮಾರಾಯ?" ಎಂದ ತಂಡದ ಯಜಮಾನ ಉಸ್ಮಾನ. "ಇದಕ್ಕಿಂತ ದೊಡ್ಡ ರಿಟೈರ್‌ಮೆಂಟ್ ಉಂಟಾ?"

"ಸತ್ತವರನ್ನೆಲ್ಲ ಹಾಕಿದರೆ ಅದು ಹಾಲ್ ಆಫ್ ಫೇಮ್ ಆಗುದಿಲ್ಲ, ಪೇಪರಿನ ಶ್ರದ್ಧಾಂಜಲಿ ಪುಟ ಆಗ್ತದೆ. ಅವನ ಮರ್ಯಾದೆಗೇ ಹೇಳುದು ನಾನು. ಕನಿಕರದಲ್ಲಿ ಗೋಡೆ ಹತ್ತಿಸಿದರೆ ಅವನೇ ಮೇಲಿಂದ ಬೈದಾನು." ಹೇಳುತ್ತ ಹೇಳುತ್ತ ಗುಣಪಾಲ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಪರ್ಲ್‌ಗೆ ಸಿಟ್ಟು ಬಂತು. ಹೆಣ ಇನ್ನೂ ಗಾಡಿ ಹತ್ತಿಲ್ಲ, ಇವರಿಗೆ ಗೋಡೆಯ ಚಿಂತೆ. ಆದರೆ ಸುಳ್ಳೇಕೆ, ಅವನು ತೀರಿಕೊಂಡ ಸೋಮವಾರದಿಂದ ಅವಳನ್ನು ಕೊರೆಯುತ್ತಿದ್ದುದೂ ಅದೇ ಪ್ರಶ್ನೆ. ಆನ್ಸೆಲ್ಮ್ ಈ ಸಲ ನಿಜವಾಗಿ ಬೂಟು ಬಿಡಲಿಕ್ಕಿದ್ದನೋ, ಯಾವಾಗಿನ ಹಾಗೆ ಬಾಯಿಮಾತೋ? ಬಿಡಲಿಕ್ಕಿದ್ದರೆ ಅವನು ಅವಳೊಂದಿಗೆ ಊರಿಗೆ ಬರಲಿಕ್ಕಿದ್ದ ಎಂದು ಅರ್ಥ. ಇಲ್ಲವಾದರೆ ಇಷ್ಟು ವರ್ಷ ಅವಳನ್ನು ಮಾತಿನಲ್ಲೇ ಆಡಿಸಿದ್ದ ಎಂದು ಅರ್ಥ. ಅದನ್ನು ಈಗ ಯಾರ ಹತ್ತಿರ ಕೇಳುವುದು?

*

ಅಲ್ ಕುಸೈಸಿನಲ್ಲಿರುವ ಉಸ್ಮಾನನ ಕೆಫೆಟೇರಿಯಾದೊಳಗೆ, ಕೈ ತೊಳೆಯುವ ಬೇಸಿನ್ನಿನ ಪಕ್ಕದ ಗೋಡೆಯೇ ಅವರ ಹಾಲ್ ಆಫ್ ಫೇಮ್. ಕರಾವಳಿಯ ಬ್ಯಾರಿಗಳು, ಕ್ರಿಸ್ತಾನರು, ತುಳುವರು ಸೇರಿ ಕಟ್ಟಿದ ತಂಡ. ಶನಿವಾರ ಗೋದಾಮುಗಳ ಹಿಂದಿನ ಮರಳು ಬಯಲಿನಲ್ಲಿ ಆಟ. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಟವನು ತನ್ನ ಎರಡು ಬೂಟುಗಳ ಲೇಸುಗಳನ್ನು ಒಂದಕ್ಕೊಂದು ಗಂಟು ಹಾಕಿ ತಂದು ಉಸ್ಮಾನನ ಕೈಗೆ ಕೊಡಬೇಕು. ಗಂಟು ಬಿಚ್ಚಿದ ಮೇಲೆ ಆ ಬೂಟು ಊರಿನಿಂದ ಹೊಸದಾಗಿ ಬಂದ ಯಾರದಾದರೂ ಕಾಲಿಗೆ ಹೋಗುತ್ತದೆ. ಇದಕ್ಕೆ ಬೂಟು ಬಿಡುವುದು ಎನ್ನುತ್ತಾರೆ. ಹಾಗೆ ಬಿಟ್ಟವರಲ್ಲಿ ಯಾರು ಗೋಡೆಗೆ ಯೋಗ್ಯರು ಎಂಬುದು ಟೂರ್ನಮೆಂಟಿನ ಮುಂಚೆ ಚಹಾದ ಮೇಲೆ ಚಹಾ ಕುಡಿದು ತೀರ್ಮಾನವಾಗಬೇಕು.

ಆ ವಾದದಲ್ಲಿ ಆನ್ಸೆಲ್ಮನನ್ನು ನೋಡಬೇಕಿತ್ತು. ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ಬಾಯಿ ಬಿಡದ ಆಸಾಮಿ ಅಲ್ಲಿ ದೊಡ್ಡ ವಕೀಲ.

"ಜಯಪಾಲನ ಗೋಲು ಎಷ್ಟು ಬೇಕಾದರೂ ಇರಲಿ," ಎಂದು ಮೇಜು ಕುಟ್ಟುತ್ತಿದ್ದ. "ಸೋಲ್ತೇವೆ ಅಂತ ಕಂಡ ದಿನ ಅವನಿಗೆ ಮಂಡಿನೋವು ಬರ್ತಿತ್ತಾ ಇಲ್ವಾ? ಜುವಾಕಿಂ ಒಂದು ಗೋಲು ಹಾಕಿದವನಲ್ಲ, ಒಪ್ಪಿದೆ. ಆದ್ರೆ ನೈಟ್ ಡ್ಯೂಟಿ ಮುಗಿಸಿ ಕಣ್ಣು ಕೆಂಪು ಮಾಡಿಕೊಂಡು ಬಯಲಿಗೆ ಬರ್ತಿದ್ದ. ಗೋಡೆಗೆ ಅವನು ಹೋಗ್ಲಿ."

"ನಿನ್ನದು ಯಾವಾಗ?" ಎಂದು ಉಸ್ಮಾನ ಕೆಣಕುತ್ತಿದ್ದ.

"ಬೂಟು ಕಾಲಲ್ಲಿರುವವನ ಹೆಸರು ಎತ್ತಬಾರದು. ಖಲಾಸ್."

ಅರವತ್ತು ಹತ್ತಿರವಾದರೂ ಅವನು ಬಿಡಲಿಲ್ಲ. ಆಟದ ಕೊನೆಯ ಗಳಿಗೆಯಲ್ಲಿ ಬ್ಯಾಕಿಗೆ ಇಳಿಸಿದರೆ ಸಾಕು, ಅವನಿಗೆ ವಾರವಿಡೀ ಹಬ್ಬ. ಏಕೆಂದು ಪರ್ಲ್‌ಗೆ ಗೊತ್ತಿತ್ತು. ಬೂಟು ಬಿಟ್ಟರೆ ಊರಿಗೆ ಹೋಗಬೇಕು. ಊರಿನಲ್ಲಿ "ಆನ್ಸೆಲ್ಮಾ, ಬಾಲ್ ಕೊಡು" ಎಂದು ಕೂಗುವವರು ಯಾರಿದ್ದಾರೆ?

*

ಆಟ ಮುಗಿಸಿ ಬಂದ ಮೇಲೆ ಅವನ ಸೊಂಟ ಬಗ್ಗುತ್ತಿರಲಿಲ್ಲ. ಫ್ಲ್ಯಾಟಿನ ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತು ಕಾಲು ಚಾಚುತ್ತಿದ್ದ. ಪರ್ಲ್ ಬೈದುಕೊಂಡೇ ಬಂದು ಲೇಸು ಬಿಚ್ಚುತ್ತಿದ್ದಳು. ಬೆವರಿಗೆ ಬಿಗಿದ ಗಂಟು ಉಗುರಿಗೆ ಬಗ್ಗದಿದ್ದರೆ ಹಲ್ಲು ಹಾಕುತ್ತಿದ್ದಳು.

ಹೋದ ಶನಿವಾರ ಬಿಚ್ಚಲಿಲ್ಲ. ಬಾಗಿಲಲ್ಲೇ ನಿಂತು ಊರಿನ ಟಿಕೆಟಿನ ಮಾತೆತ್ತಿದ್ದಳು. ಅವನು, "ಈ ಟೂರ್ನಮೆಂಟ್ ಒಂದು ಮುಗೀಲಿ" ಎಂದ.

"ಹೋದ ವರ್ಷ ಹೇಳಿದ್ದೂ ಅದೇ. ನಿಮ್ಮ ಬೂಟು ನನಗೆ ಸವತಿ. ಇನ್ನು ನಾನು ಬಗ್ಗುದಿಲ್ಲ, ಬೇಕಾದರೆ ನೀವೇ ಬಿಚ್ಚಿಕೊಳ್ಳಿ."

ಒಳಗೆ ಹೋಗಿ ಕುಕ್ಕರ್ ಇಟ್ಟಳು. ಅವನು ಬಹಳ ಹೊತ್ತು ಹೊರಗೇ ಕೂತಿದ್ದ. ಮುನಿಸು, ಇರಲಿ ಎಂದುಕೊಂಡಳು. ಆಮೇಲೆ ಲಿಫ್ಟಿನ ಸದ್ದಾಯಿತು. ಕೆಳಗೆ ಹೋಗಿ ಬಂದವನು ನೇರ ಸ್ನಾನಕ್ಕೆ ನಡೆದ. ಊಟಕ್ಕೆ ಕೂತಾಗ ಬಂಗುಡೆ ಚೆನ್ನಾಗಿದೆ ಎಂದ. ಅವಳು ತಟ್ಟೆಯಿಂದ ಮುಖ ಎತ್ತಲಿಲ್ಲ. ಸೋಮವಾರ ಲಾಂಡ್ರಿಯಲ್ಲಿ ಕುಸಿದವನು ಮತ್ತೆ ಏಳಲಿಲ್ಲ.

*

ಪೆಟ್ಟಿಗೆ ಮುಚ್ಚಿದರು. ಗಾಡಿಗೆ ಏರಿಸುವಾಗ ಉಸ್ಮಾನ, ಗುಣಪಾಲ ಇಬ್ಬರೂ ಹೆಗಲು ಕೊಟ್ಟರು. ಗಾಡಿಯ ಬಾಗಿಲು ಹಾಕಿದ ಮೇಲೆ ಉಸ್ಮಾನ ಪರ್ಲ್‌ಳ ಹತ್ತಿರ ಬಂದ.

"ಇಷ್ಟು ವರ್ಷ ಒಟ್ಟಿಗೆ ಮಣ್ಣಲ್ಲಿ ಹೊರಳಾಡಿದ್ದೇವೆ ಪರ್ಲ್ ಬಾಯಿ. ಒಂದು ಹಿಡಿ ಮಣ್ಣು ಹಾಕುವ ಭಾಗ್ಯ ಮಾತ್ರ ನಮಗಿಲ್ಲ."

ಏರ್‌ಪೋರ್ಟಿಗೆ ಉಸ್ಮಾನನೂ ಬರುವವನಿದ್ದ. ಅವನಿಗೆ ಕೂರಲು ಜಾಗ ಮಾಡಲೆಂದು ಫಿಯೋನಾ ಹಿಂದಿನ ಸೀಟಿನ ಸೂಟ್‌ಕೇಸ್ ಎತ್ತಿ, ಅಪ್ಪನ ಕಾರಿನ ಡಿಕ್ಕಿ ತೆರೆದಳು. ತೆರೆದವಳು ಹಾಗೇ ನಿಂತಳು.

"ಮಮ್ಮಿ, ಡ್ಯಾಡೀಸ್ ಬೂಟ್ಸ್. ಹೀಗೆ ಯಾಕೆ ಕಟ್ಟಿಟ್ಟಿದ್ದಾರೆ?"

ಎರಡು ಬೂಟುಗಳು, ಲೇಸುಗಳು ಒಂದಕ್ಕೊಂದು ಗಂಟು ಬಿದ್ದು, ಅವಳ ಕೈಯಿಂದ ಜೋತಾಡುತ್ತಿದ್ದವು.

ಮೊದಲು ಬಾಯಿ ಬಿಟ್ಟವನು ಗುಣಪಾಲ. "ಬಿಟ್ಟಿದ್ದಾನೆ," ಎಂದ. "ನಮಗೊಂದು ಮಾತು ಹೇಳದೆ ಬಿಟ್ಟಿದ್ದಾನೆ, ಕಳ್ಳ."

ಪರ್ಲ್ ಕಾರಿಗೆ ಕೈಯೂರಿದಳು. ಶನಿವಾರ ಬಾಗಿಲ ಹೊರಗೆ ಅಷ್ಟು ಹೊತ್ತು ಕೂತು ಅವನು ಮಾಡಿದ ಕೆಲಸ ಇದು. ಆ ಬಗ್ಗದ ಸೊಂಟವನ್ನು ಹೇಗೆ ಬಗ್ಗಿಸಿದನೋ ದೇವರಿಗೇ ಗೊತ್ತು. ಬರುವವನಿದ್ದ. ತನ್ನೊಂದಿಗೆ ಬರುವವನಿದ್ದ. ಬಂಗುಡೆ ಚೆನ್ನಾಗಿದೆ ಎಂದಾಗ ಇದನ್ನೂ ಹೇಳಲು ನೋಡಿದ್ದನೋ ಏನೋ. ತಾನು ಮುಖ ಎತ್ತಿದ್ದರೆ ಹೇಳುತ್ತಿದ್ದನೋ ಏನೋ. ಸೋಮವಾರದಿಂದ ಬಾರದಿದ್ದ ಅಳು ಒಮ್ಮೆಲೇ ಬಂತು. ಫಿಯೋನಾ ಅವಳ ಬೆನ್ನು ಸವರುತ್ತ ನಿಂತಳು.

ಉಸ್ಮಾನ ಬೂಟು ಕೈಗೆತ್ತಿಕೊಂಡು ಗಂಟಿಗೆ ಉಗುರು ಹಾಕಿದ. ಅದು ಬಗ್ಗಲಿಲ್ಲ. ಗುಣಪಾಲ ಕೀಲಿಕೈಯ ತುದಿ ತೂರಿಸಿ ನೋಡಿದ. "ಒಳಗಿಂದ ಕತ್ತರಿ ಕೇಳಿ ತರ್ಲಾ?"

"ಬೇಡ," ಎಂದಳು ಪರ್ಲ್, ಮೂಗೊರೆಸಿಕೊಳ್ಳುತ್ತ. "ಅವರ ಗಂಟು ನಿಮಗೆ ಬಿಚ್ಚಲಿಕ್ಕೆ ಬರುದಿಲ್ಲ. ಇಲ್ಲಿ ತನ್ನಿ."

ಪಾರ್ಕಿಂಗಿನ ಕಟ್ಟೆಯ ಮೇಲೆ ಕೂತು ಬೂಟುಗಳನ್ನು ಕಪ್ಪು ಫ್ರಾಕಿನ ಮಡಿಲಿಗೆ ಹಾಕಿಕೊಂಡಳು. ಎಲ್ಲರೆದುರು ಬಗ್ಗಿ ಗಂಟಿಗೆ ಹಲ್ಲು ಹಾಕಿದಳು. ಬಾಯಿಗೆ ಉಪ್ಪು ಹತ್ತಿತು. ಗಂಟು ಸಡಿಲವಾಯಿತು, ಬಿಚ್ಚಿಕೊಂಡಿತು. ಬೂಟೊಂದು ಮಗುಚಿ, ಶನಿವಾರದ ಬಯಲಿನ ಮರಳು ಅವಳ ಮಡಿಲಿಗೆ ಸುರಿಯಿತು.

ಅವಳು ಅದನ್ನು ಕೊಡವಲಿಲ್ಲ. ಕರವಸ್ತ್ರ ಹಾಸಿದಳು, ಮಡಿಲಿನದ್ದನ್ನು ಅದಕ್ಕೆ ಬಳಿದಳು, ಇನ್ನೊಂದು ಬೂಟನ್ನೂ ಹಿಮ್ಮಡಿ ತಟ್ಟಿ ಬಗ್ಗಿಸಿದಳು. ಬರಿದಾದ ಬೂಟುಗಳನ್ನು ಉಸ್ಮಾನನ ಕೈಗೆ ಕೊಟ್ಟಳು.

"ನಿಮ್ಮ ಹಿಡಿಮಣ್ಣು ಇದು ಉಸ್ಮಾನಣ್ಣ. ನಾಳೆ ನಾನು ಹಾಕ್ತೇನೆ."

ಕರವಸ್ತ್ರದ ಮೂಲೆಗಳನ್ನು ಸೇರಿಸಿ ಇನ್ನೇನು ಗಂಟು ಹಾಕಬೇಕು, "ನಿಲ್ಲಿ ಬಾಯಿ" ಎಂದ ಗುಣಪಾಲ. ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಸಿಮೆಂಟಿನ ಮೇಲೆ ಚೆಲ್ಲಿದ್ದ ಮರಳ ಕಾಳುಗಳನ್ನು ಒದ್ದೆ ಬೆರಳಿಗೆ ಒಂದೊಂದಾಗಿ ಅಂಟಿಸಿ, ಕರವಸ್ತ್ರದೊಳಗೆ ಉದುರಿಸತೊಡಗಿದ.